ನೈದಿಲೆ ತೊಟ್ಟಿಗಿಳಿದ ಕಥೆ

ನೈದಿಲೆಯನ್ನು ತಾವರೆಯೆಂದು ಕರೆಯುವವರೊಡನೆ ನಾನು ಸೇವೆಯಲ್ಲಿದ್ದಷ್ಟು ಕಾಲವೂ ವಾಗ್ವಾದ ನಡೆಸಿದ್ದೇನೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ನೆನಪಿರಬಹುದು. ತಾವರೆಯ ಬಲಿತ ಎಲೆ ನೀರಿನಿಂದ ಮೇಲಕ್ಕೆದ್ದು ಕೊಡೆಯಂತೆ ನಿಲ್ಲುತ್ತದೆ; ನೈದಿಲೆಯ ಎಲೆ ನೀರಿನ ಮೇಲೆಯೇ ಮಲಗಿರುತ್ತದೆ, ಅದರ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳಿರುತ್ತದೆ. ಎರಡೂ ಕೆಸರಿನಲ್ಲಿ ಹುಟ್ಟುವುದರಿಂದ ಒಂದೇ ಕುಲವೆಂದು ಜನ ಭಾವಿಸುತ್ತಾರೆ. ಸಸ್ಯಶಾಸ್ತ್ರಜ್ಞರು ಈಗ ಹೇಳುವಂತೆ ತಾವರೆಯ ಹತ್ತಿರದ ನಂಟರು ನೀರಿನಲ್ಲಿಲ್ಲ. ಕಾಶ್ಮೀರದ ಚಿನಾರ್ ಮರದ ಬಳಗದಲ್ಲಿದ್ದಾರೆ! ನೈದಿಲೆಯಾದರೋ ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ತೀರ ಮೊದಲೇ ಕವಲೊಡೆದ ಒಂದು ಪುರಾತನ ಮನೆತನ. ನಮ್ಮ ಹಳೆಯ ಕವಿಗಳು ಈ ವಿಷಯದಲ್ಲಿ ನಮಗಿಂತ ಜಾಣರು. ತಾವರೆ ಸೂರ್ಯನ ಕಡೆಗೆ, ಕುಮುದ ಚಂದ್ರನ ಕಡೆಗೆ ಎಂದು ಅವರು ಭಾಗ ಮಾಡಿಟ್ಟದ್ದು ಬರಿಯ ಅಲಂಕಾರವಲ್ಲ. ನಮ್ಮ ಕೆರೆಗಳ ಕೆನ್ನೈದಿಲೆ ಮುಸ್ಸಂಜೆಗೆ ಅರಳಿ, ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನೀಲಿಯದು ಮಾತ್ರ ಹಗಲು ಅರಳುವ ಜಾತಿ.

ಇಂದು ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ಪ್ಲಾಸ್ಟಿಕ್ ಟಬ್ಬುಗಳಲ್ಲಿ ನೈದಿಲೆ ಬೆಳೆಯುತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೇ ಅನೇಕರು ಬೆಳೆಸಿ ಚಿತ್ರಗಳನ್ನು ಕಳುಹಿಸುತ್ತಾರೆ. ಸಂತೋಷ. ಆದರೆ ಕೆರೆಯ ಹೂವು ತೊಟ್ಟಿಗೆ ಇಳಿದದ್ದು ಅಷ್ಟು ಸುಲಭವಾಗಿ ಆದ ಕೆಲಸವಲ್ಲ. ಕೊಳದಲ್ಲಿ ಅದನ್ನು ಬೆಳೆಸುವುದು ಬಹಳ ಹಳೆಯ ರೂಢಿಯೇ. ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯಲ್ಲಿದ್ದ, ಸುಮಾರು 3,300 ವರ್ಷಗಳಷ್ಟು ಹಳೆಯದಾದ ತೋಟದ ಚಿತ್ರವೊಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ; ಅದರ ನಟ್ಟನಡುವೆ ಮೀನು, ಬಾತುಕೋಳಿ, ನೈದಿಲೆಗಳಿಂದ ತುಂಬಿದ ಕೊಳವಿದೆ. ನಮ್ಮ ದೇವಾಲಯಗಳ ಕಲ್ಯಾಣಿಗಳ ಮಾತಂತೂ ಇದ್ದೇ ಇದೆ. ಆದರೆ ಅವೆಲ್ಲ ಆ ಹೂವಿನ ತವರುಸೀಮೆಯ ಕೊಳಗಳೇ. ಅದನ್ನು ತನ್ನ ನೀರಿನಿಂದ ಎತ್ತಿ, ಸಮುದ್ರ ದಾಟಿಸಿ, ಬೇರೆ ಹವೆಯ ನಾಡಿನಲ್ಲಿ ಒಂದು ತೊಟ್ಟಿಯೊಳಗೆ ಬದುಕಿಸುವ ವಿದ್ಯೆಗೆ ಸುಮಾರು 175 ವರ್ಷಗಳ ಇತಿಹಾಸವಿದೆ. ಅದರ ಮಧ್ಯದಲ್ಲಿ ಒಬ್ಬ ತೋಟಗಾರನಿದ್ದಾನೆ. ಆ ಇತಿಹಾಸದ ಒಂದು ತುದಿ ನಮ್ಮ ಲಾಲ್‌ಬಾಗಿನಲ್ಲಿದೆ. ಇನ್ನೊಂದು ತುದಿ ನಮ್ಮೂರ ಕೆರೆಯಂಥ ಕೆರೆಗಳಲ್ಲಿತ್ತು.

ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯಲ್ಲಿ ನೈದಿಲೆಯ ಕುಟುಂಬಕ್ಕೇ ಸೇರಿದ ಒಂದು ದೈತ್ಯ ಸಸ್ಯವಿದೆ. ಅದರ ಎಲೆ ಮದುವೆಮನೆಯ ದೊಡ್ಡ ಹರಿವಾಣದಂತೆ ಅಂಚು ಮಡಿಸಿಕೊಂಡು ನೀರಿನ ಮೇಲೆ ಹರಡಿರುತ್ತದೆ. ಅಡ್ಡಳತೆ ಎರಡು ಎರಡೂವರೆ ಮೀಟರ್ ಆಗುವುದುಂಟು. ಗ್ವಾರಾನಿ ಜನ ಅದನ್ನು ನೀರಿನ ತಟ್ಟೆ ಎಂಬರ್ಥದ ‘ಇರುಪೆ’ ಎಂಬ ಹೆಸರಿನಿಂದ ಕರೆಯುತ್ತಿದ್ದರು. ಅದರ ಬೀಜವನ್ನು ಹುರಿದು ತಿನ್ನುವ ರೂಢಿಯಿದ್ದುದರಿಂದ ಸ್ಪ್ಯಾನಿಷರು ‘ನೀರಿನ ಜೋಳ’ ಎಂದೂ ಕರೆದರು. ಯುರೋಪಿನವರ ಕಣ್ಣಿಗೆ ಇದು ಮೊದಲು ಬಿದ್ದದ್ದು 1801ರಲ್ಲಿ, ಬೊಲಿವಿಯಾದಲ್ಲಿ ಸಂಚರಿಸುತ್ತಿದ್ದ ಹೆಂಕೆ ಎಂಬ ಸಸ್ಯಶಾಸ್ತ್ರಜ್ಞನಿಗೆ. 1837ರ ಜನವರಿ 1ರಂದು ಬ್ರಿಟಿಷ್ ಗಯಾನಾದ ಬರ್ಬಿಸ್ ನದಿಯಲ್ಲಿ ರಾಬರ್ಟ್ ಶಾಂಬರ್ಕ್ ಎಂಬ ಅನ್ವೇಷಕ ಇದನ್ನು ಕಂಡು ವರದಿ ಮಾಡಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹದಿನೆಂಟರ ಹರೆಯದ ವಿಕ್ಟೋರಿಯಾ ಪಟ್ಟಕ್ಕೆ ಬಂದಳು. ಹೂವಿಗೆ ‘ವಿಕ್ಟೋರಿಯಾ ರೀಜಿಯಾ’ ಎಂದು ನಾಮಕರಣವಾಯಿತು. ಸಾವಿರಾರು ವರ್ಷ ಅದರ ಬೀಜ ಹುರಿದು ತಿಂದವರ ಹೆಸರು ಹಿಂದಕ್ಕೆ ಸರಿದು, ಅದನ್ನು ಕಣ್ಣಾರೆ ಕಾಣದ ರಾಣಿಯ ಹೆಸರು ಮುಂದೆ ಬಂತು. ಇತಿಹಾಸದ ಪಾಠ ಮಾಡಿದವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈಗ ಶಾಸ್ತ್ರೀಯವಾಗಿ ಅದು ‘ವಿಕ್ಟೋರಿಯಾ ಅಮೆಜಾನಿಕಾ’.

ರಾಣಿಯ ಹೆಸರಿನ ಹೂವು ರಾಣಿಯ ನಾಡಿನಲ್ಲಿ ಅರಳಬೇಡವೇ? ಆದರೆ ಹನ್ನೆರಡು ವರ್ಷ ಅದು ಸಾಧ್ಯವಾಗಲಿಲ್ಲ. ಕಾರಣ ಬಹಳ ಸ್ವಾರಸ್ಯವಾದದ್ದು. ನಮ್ಮ ರೈತರಿಗೆ ಬೀಜವೆಂದರೆ ಒಣಗಿಸಿಡುವ ವಸ್ತು. ರಾಗಿಯಾಗಲಿ, ಅವರೆಯಾಗಲಿ ಚೆನ್ನಾಗಿ ಬಿಸಿಲಿಗೆ ಹಾಕಿ, ಬೂದಿ ಬೆರೆಸಿ, ಮಡಕೆಯಲ್ಲಿಟ್ಟರೆ ಮುಂದಿನ ಮಳೆಗೆ ಮೊಳೆಯುತ್ತದೆ. ಈ ಜಲಸಸ್ಯದ ಬೀಜದ ಸ್ವಭಾವ ಅದಕ್ಕೆ ತದ್ವಿರುದ್ಧ, ಒಣಗಿದರೆ ಸತ್ತುಹೋಗುತ್ತದೆ. 1846ರಲ್ಲಿ ಒದ್ದೆ ಜೇಡಿಮಣ್ಣಿನಲ್ಲಿಟ್ಟು ತಂದ ಬೀಜಗಳಲ್ಲಿ ಕೆಲವೇ ಕೆಲವು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಮೊಳೆತವು. ಅವೂ ಚಳಿಗಾಲ ದಾಟಲಿಲ್ಲ. ಕೊನೆಗೆ 1849ರ ಫೆಬ್ರವರಿಯಲ್ಲಿ ಗಯಾನಾದಿಂದ ಕ್ಯೂಗೆ ಬಂದ ಬೀಜಗಳು ಶುದ್ಧ ನೀರು ತುಂಬಿದ ಪುಟ್ಟ ಸೀಸೆಗಳಲ್ಲಿದ್ದವು. ನೀರಿನ ಬೀಜವನ್ನು ನೀರಿನಲ್ಲಿಯೇ ಕಳುಹಿಸಬೇಕು! ಎಷ್ಟು ಸರಳ ಉಪಾಯ, ಆದರೆ ಹೊಳೆಯಲು ಹನ್ನೆರಡು ವರ್ಷ ಬೇಕಾಯಿತು. ಆ ಬೀಜಗಳು ಮೊಳೆತವು. ಕ್ಯೂನ ನಿರ್ದೇಶಕ ವಿಲಿಯಂ ಹೂಕರ್ ಸಸಿಗಳನ್ನು ತಾನೇ ಇಟ್ಟುಕೊಂಡು ಕೂರದೆ ಒಂದೆರಡು ಕಡೆಗೆ ಹಂಚಿದ. ಅವುಗಳಲ್ಲಿ ಒಂದು, 1849ರ ಆಗಸ್ಟ್ ತಿಂಗಳಿನಲ್ಲಿ, ಡರ್ಬಿಶೈರ್ ಪ್ರಾಂತದ ಚಾಟ್ಸ್‌ವರ್ತ್ ಎಂಬ ಅರಮನೆಯ ತೋಟಕ್ಕೆ ಹೋಯಿತು. ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್.

ಈ ಪ್ಯಾಕ್ಸ್‌ಟನ್ನನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. 1803ರಲ್ಲಿ ಒಂದು ಸಾಧಾರಣ ರೈತಾಪಿ ಕುಟುಂಬದಲ್ಲಿ ಹುಟ್ಟಿದವನು; ದೊಡ್ಡ ಶಾಲೆಗಳ ಮೆಟ್ಟಿಲು ಹತ್ತಿದವನಲ್ಲ. ಲಂಡನ್ ಬಳಿಯ ಚಿಸ್ವಿಕ್‌ನ ತೋಟದಲ್ಲಿ ಕೆಲಸಕ್ಕಿದ್ದಾಗ ಡೆವನ್‌ಶೈರ್‌ನ ಆರನೆಯ ಡ್ಯೂಕ್ ಇವನನ್ನು ಗುರುತಿಸಿ, 1826ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿಗೇ ಚಾಟ್ಸ್‌ವರ್ತ್‌ನ ಮುಖ್ಯ ತೋಟಗಾರನನ್ನಾಗಿ ನೇಮಿಸಿದ. ಕೆಲಸಕ್ಕೆ ಸೇರಿದ ಮೊದಲ ದಿನದ ವೃತ್ತಾಂತವನ್ನು ಪ್ಯಾಕ್ಸ್‌ಟನ್ ತಾನೇ ಹೇಳಿಕೊಂಡಿದ್ದಾನೆ. ಬೆಳಗಿನ ಜಾವ ನಾಲ್ಕೂವರೆಗೆ ಅರಮನೆ ತಲುಪಿದಾಗ ಬಾಗಿಲು ತೆಗೆಯುವವರಿರಲಿಲ್ಲ. ಗೋಡೆ ಹಾರಿ ಒಳಗೆ ಹೋದ, ತೋಟವನ್ನೆಲ್ಲ ಒಂದು ಸುತ್ತು ನೋಡಿದ, ಆರು ಗಂಟೆಗೆ ಬಂದ ಆಳುಗಳಿಗೆ ಕೆಲಸ ಹಚ್ಚಿದ, ಅರಮನೆಯ ಮೇಲ್ವಿಚಾರಕಿಯ ಜೊತೆ ಉಪಾಹಾರಕ್ಕೆ ಕುಳಿತ, ಅಲ್ಲಿದ್ದ ಆಕೆಯ ಸಂಬಂಧಿ ಸಾರಾಳಲ್ಲಿ ಮನಸ್ಸಿಟ್ಟ. ಇಷ್ಟೂ ಬೆಳಗಿನ ಒಂಬತ್ತು ಗಂಟೆಯೊಳಗೆ! ಮುಂದೆ ಅವಳನ್ನೇ ಮದುವೆಯಾದ. ಶಾಲೆಗೆ ತಡವಾಗಿ ಬರುತ್ತಿದ್ದ ಕೆಲವರಿಗೆ ಈ ಕಥೆಯನ್ನು ಅಂದೇ ಹೇಳಬೇಕಿತ್ತು ಎನಿಸುತ್ತದೆ. ಈಗ ಅವರೆಲ್ಲ ದೊಡ್ಡ ಅಧಿಕಾರಿಗಳಾಗಿದ್ದಾರೆ.

ಪ್ಯಾಕ್ಸ್‌ಟನ್ ಆ ಸಸಿಗಾಗಿ ಹನ್ನೆರಡು ಅಡಿ ಚೌಕದ ಒಂದು ತೊಟ್ಟಿ ಮಾಡಿಸಿದ. ಗಿಡದ ತವರಿನ ಹವೆಯನ್ನೇ ಅಲ್ಲಿ ಕಟ್ಟಬೇಕೆಂಬುದು ಅವನ ಹಟ. ತಳದಲ್ಲಿ ಮಣ್ಣಿನ ದಿಬ್ಬ, ಮಣ್ಣನ್ನು ಬೆಚ್ಚಗಿಡಲು ಬಿಸಿನೀರಿನ ಕೊಳವೆಗಳು. ನದಿಯ ನೀರು ನಿಶ್ಚಲವಾಗಿರುವುದಿಲ್ಲವಲ್ಲ, ಅದಕ್ಕೆಂದು ನೀರನ್ನು ಮೆಲ್ಲಗೆ ಕದಡುವ ಪುಟ್ಟ ಚಕ್ರಗಳು. ಹೊರಗೆ ಇಂಗ್ಲೆಂಡಿನ ಚಳಿ, ತೊಟ್ಟಿಯೊಳಗೆ ಅಮೆಜಾನಿನ ಸೆಕೆ. ಬಂದಾಗ ಅಂಗೈಗಿಂತ ಸ್ವಲ್ಪ ದೊಡ್ಡದಿದ್ದ ಎಲೆಗಳು ಎರಡು ತಿಂಗಳಲ್ಲಿ ನಾಲ್ಕಡಿಗೂ ಮೀರಿದವು. ತೊಟ್ಟಿಯನ್ನು ಹಿಗ್ಗಿಸಬೇಕಾಯಿತು. ನವೆಂಬರ್ ತಿಂಗಳಲ್ಲಿ ಮೊಗ್ಗು ಬಿರಿಯಿತು. ಕ್ಯೂಗಿಂತ ಮೊದಲೇ ಹಳ್ಳಿಗಾಡಿನ ಒಂದು ತೋಟದಲ್ಲಿ ಇಂಗ್ಲೆಂಡಿನ ಮೊದಲ ವಿಕ್ಟೋರಿಯಾ ಹೂವು ಅರಳಿತು. ಅದರಲ್ಲೊಂದನ್ನು ರಾಣಿಗೆ ಒಪ್ಪಿಸಲಾಯಿತು.

ಆ ಹೂವಿನ ರೀತಿಯೂ ವಿಚಿತ್ರ. ಮೊದಲ ಸಂಜೆ ಅಚ್ಚ ಬಿಳಿ. ಪರಿಮಳ ಸೂಸುತ್ತದೆ, ತನ್ನೊಳಗೆ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ತವರುನಾಡಿನಲ್ಲಿ ಜೀರುಂಡೆಗಳು ಆ ಪರಿಮಳಕ್ಕೆ ಮರುಳಾಗಿ ಒಳಗೆ ನುಗ್ಗುತ್ತವೆ. ಹೂವು ಮುಚ್ಚಿಕೊಂಡು ಅವನ್ನು ಸೆರೆಹಿಡಿಯುತ್ತದೆ. ಮರುದಿನ ಸಂಜೆ ಗುಲಾಬಿ ಬಣ್ಣ ತಳೆದು ಮತ್ತೆ ತೆರೆದಾಗ ಮೈತುಂಬ ಪರಾಗ ಮೆತ್ತಿಕೊಂಡ ಜೀರುಂಡೆಗಳು ಹೊರಬಂದು ಬೇರೊಂದು ಬಿಳಿಯ ಹೂವಿಗೆ ಹಾರುತ್ತವೆ. ತಾವರೆಯೊಳಗೆ ಸಿಕ್ಕಿಕೊಂಡ ದುಂಬಿಯ ಕಥೆ ನಮ್ಮ ಕವಿಗಳಿಗೆ ಹೊಸದಲ್ಲ. ಆದರೆ ಇಲ್ಲಿ ದುಂಬಿಗೆ ಬಿಡುಗಡೆಯಿದೆ.

ಎಲೆಯ ಬಲವನ್ನು ಪರೀಕ್ಷಿಸಲು ಪ್ಯಾಕ್ಸ್‌ಟನ್ ತನ್ನ ಪುಟ್ಟ ಮಗಳು ಆ್ಯನಿಯನ್ನು ಅದರ ಮೇಲೆ ನಿಲ್ಲಿಸಿದ. ಭಾರ ಒಂದೇ ಕಡೆ ಬೀಳದಂತೆ ಕೆಳಗೊಂದು ತಟ್ಟೆಯನ್ನಿಟ್ಟಿದ್ದರು. ಎಲೆ ಮುಳುಗಲಿಲ್ಲ. ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ಅದರ ಚಿತ್ರವನ್ನು ಅಚ್ಚು ಹಾಕಿತು. ಹೂವಿಗಿಂತ ಎಲೆಯೇ ಜಗತ್ಪ್ರಸಿದ್ಧವಾಯಿತು. ಎಲೆಯ ಮೇಲ್ಭಾಗ ನಯವಾಗಿದ್ದರೂ ಅಡಿಯನ್ನು ತಿರುವಿ ನೋಡಿದರೆ ನಡುವಿನಿಂದ ಹೊರಟ ದಪ್ಪ ನರಗಳು, ಅವನ್ನು ಅಡ್ಡಲಾಗಿ ಜೋಡಿಸುವ ತೆಳು ನರಗಳು, ಎಲ್ಲಕ್ಕೂ ಮುಳ್ಳು. ಹೆಂಚಿನ ಮನೆಯ ತೊಲೆ, ಜಂತೆಗಳನ್ನು ಕೆಳಗಿನಿಂದ ನೋಡಿದ ಹಾಗೆ.

1850ರಲ್ಲಿ ಪ್ಯಾಕ್ಸ್‌ಟನ್ ಈ ಒಂದು ಗಿಡಕ್ಕಾಗಿ ಹೊಸ ಗಾಜಿನ ಮನೆಯನ್ನು ಕಟ್ಟಿದ. ಅದೇ ವರ್ಷ ಲಂಡನ್ನಿನಲ್ಲಿ, ಮರುವರ್ಷದ ವಿಶ್ವ ವಸ್ತುಪ್ರದರ್ಶನಕ್ಕೆ ಕಟ್ಟಡ ಬೇಕೆಂದು 245 ನಕ್ಷೆಗಳನ್ನು ತರಿಸಿ, ಯಾವುದೂ ಒಪ್ಪಿಗೆಯಾಗದೆ ಸಮಿತಿಯವರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಜೂನ್ 11ರಂದು ರೈಲ್ವೆ ಕಂಪನಿಯ ಸಭೆಯೊಂದರಲ್ಲಿ ಕುಳಿತಿದ್ದಾಗ ಪ್ಯಾಕ್ಸ್‌ಟನ್ ಶಾಯಿ ಹೀರುವ ಕಾಗದದ ಮೇಲೆ ಒಂದು ನಕ್ಷೆ ಗೀಚಿದ. ಆ ಕಾಗದದ ತುಂಡು ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. 1851ರ ಮೇ 1ರಂದು ಉದ್ಘಾಟನೆಯಾದ ಕ್ರಿಸ್ಟಲ್ ಪ್ಯಾಲೇಸ್ ಹುಟ್ಟಿದ್ದು ಹಾಗೆ. ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳ ಆ ಸ್ಫಟಿಕದ ಅರಮನೆಯನ್ನು ಐದೂವರೆ ತಿಂಗಳಲ್ಲಿ ಅರವತ್ತು ಲಕ್ಷ ಜನ ಸಂದರ್ಶಿಸಿದರು. ಲಾಹೋರಿನಿಂದ ಹೋದ ನಮ್ಮ ಕೊಹಿನೂರ್ ವಜ್ರವನ್ನು ಪಂಜರದೊಳಗಿಟ್ಟು ತೋರಿಸಿದ್ದೂ ಅಲ್ಲಿಯೇ.

ನೈದಿಲೆಯ ಎಲೆಯನ್ನು ನೋಡಿ ಪ್ಯಾಕ್ಸ್‌ಟನ್ ಈ ಅರಮನೆಯನ್ನು ಕಲ್ಪಿಸಿದನೆಂಬ ಕಥೆ ಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಇಂದಿಗೂ ಓಡಾಡುತ್ತದೆ. ಇದನ್ನು ಸ್ವಲ್ಪ ತೂಗಿ ನೋಡುವುದು ಒಳ್ಳೆಯದು. ಕಥೆಗೆ ಆಧಾರವಿಲ್ಲವೆನ್ನುವಂತಿಲ್ಲ, 1850ರ ನವೆಂಬರಿನಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಉಪನ್ಯಾಸ ಕೊಡುವಾಗ ಪ್ಯಾಕ್ಸ್‌ಟನ್ ತಾನೇ ಒಂದು ಎಲೆಯನ್ನು ಸಭೆಗೆ ತಂದು, ಅದರ ನರಗಳನ್ನು ತೋರಿಸಿ, ಪ್ರಕೃತಿಯೇ ಈ ರಚನೆಯನ್ನು ಮಾಡಿಕೊಟ್ಟಿದೆಯೆಂಬ ಅರ್ಥದ ಮಾತನ್ನಾಡಿದ. ಆದರೆ ಏಣು ತಗ್ಗುಗಳಾಗಿ ಗಾಜನ್ನು ಮಡಿಸಿ ಜೋಡಿಸುವ ಚಾವಣಿಯನ್ನು ಅವನು 1830ರ ದಶಕದಲ್ಲಿಯೇ ಬಳಸುತ್ತಿದ್ದ. ಅದರ ಮೂಲ ಆಲೋಚನೆ ಲೌಡನ್ ಎಂಬ ಇನ್ನೊಬ್ಬ ಉದ್ಯಾನತಜ್ಞನದು. 277 ಅಡಿ ಉದ್ದದ ಅವನ ಮಹಾ ಸಸ್ಯಗೃಹ 1840ರ ಸುಮಾರಿಗೇ ಚಾಟ್ಸ್‌ವರ್ತ್‌ನಲ್ಲಿ ಎದ್ದು ನಿಂತಿತ್ತು. ಆಗ ವಿಕ್ಟೋರಿಯಾದ ಒಂದು ಬೀಜವೂ ಇಂಗ್ಲೆಂಡಿನಲ್ಲಿ ಮೊಳೆತಿರಲಿಲ್ಲ. 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾಗಿ ಗಾಜು ಅಗ್ಗವಾದದ್ದನ್ನೂ ಮರೆಯಬಾರದು. ಹಾಗಾದರೆ ನೈದಿಲೆಯ ಪಾಲೇನು? ನನ್ನ ಅಭಿಪ್ರಾಯ ಇಷ್ಟು: ಎಲೆ ಅವನಿಗೆ ಕೊಟ್ಟದ್ದು ಉಪಾಯವನ್ನಲ್ಲ, ಉದಾಹರಣೆಯನ್ನು. ಪಾಠ ಹೇಳುವವರಿಗೆ ಒಂದು ಒಳ್ಳೆಯ ಉದಾಹರಣೆಯ ಬೆಲೆ ಗೊತ್ತು. ಸಭೆಗೆ ಎಲೆಯನ್ನು ತಂದು ತೋರಿಸಿದವನು ಅರ್ಧ ವಾದವನ್ನು ಅಲ್ಲಿಯೇ ಗೆದ್ದ. ಆದರೆ ಆ ಗಿಡದ ಹಸಿವು, ಅಂದರೆ ತೊಟ್ಟಿ ಮೀರಿ ಬೆಳೆಯುವ ಅದರ ಸ್ವಭಾವ, ಚಪ್ಪಟೆಯಾದ, ವಿಸ್ತರಿಸಬಲ್ಲ ಗಾಜಿನ ಮನೆಯೊಂದನ್ನು ಅವನಿಂದ ಕಟ್ಟಿಸಿತು. ಆ ಪುಟ್ಟ ಮನೆಯೇ ಸ್ಫಟಿಕದ ಅರಮನೆಗೆ ನೇರವಾದ ಮಾದರಿ. ಅಷ್ಟರ ಮಟ್ಟಿಗೆ ಹೂವಿಗೆ ಶ್ರೇಯಸ್ಸು ಸಲ್ಲಲೇಬೇಕು.

ಇಲ್ಲಿಂದ ಲಾಲ್‌ಬಾಗಿಗೆ ಒಂದೇ ಹೆಜ್ಜೆ. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟದಲ್ಲಿ ಗಾಜಿನ ಮನೆ ಎದ್ದದ್ದು ಕ್ಯೂನಲ್ಲಿ ತರಬೇತಾದ ಜಾನ್ ಕ್ಯಾಮರಾನ್ ಮೇಲ್ವಿಚಾರಕನಾಗಿದ್ದ ಕಾಲದಲ್ಲಿ. (ನಮ್ಮ ಸೀಮೆಬದನೆಯನ್ನು ಬೆಂಗಳೂರಿಗೆ ತಂದವನೂ ಇವನೇ ಎನ್ನುತ್ತಾರೆ.) ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಕಟ್ಟಿದ ಈ ಮನೆಯ ಕಬ್ಬಿಣದ ಕಂಬ ಕಮಾನುಗಳು ಗ್ಲಾಸ್ಗೋ ನಗರದ ಎರಕದ ಕಾರ್ಖಾನೆಯಿಂದ ಬಂದವು. ಶಂಕುಸ್ಥಾಪನೆ ಮಾಡಿದವನು ರಾಜಕುಮಾರ ಆಲ್ಬರ್ಟ್ ವಿಕ್ಟರ್, ಹೂವಿಗೆ ಹೆಸರು ಕೊಟ್ಟ ಅದೇ ರಾಣಿಯ ಮೊಮ್ಮಗ. ದಿನಾಂಕ 1889ರ ನವೆಂಬರ್ 30. ಲಂಡನ್ನಿನ ಹೊರವಲಯದ ಸಿಡೆನ್‌ಹ್ಯಾಮಿಗೆ ಸ್ಥಳಾಂತರಗೊಂಡಿದ್ದ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾದದ್ದು 1936ರ ನವೆಂಬರ್ 30ರಂದು! ಇಸವಿಗಳನ್ನು ಉರುಹೊಡೆಸಿದವನೆಂಬ ಅಪಕೀರ್ತಿ ನನಗೆ ಹೇಗೂ ಇದೆ, ಆದ್ದರಿಂದ ಈ ಕಾಕತಾಳೀಯವನ್ನು ಬಿಡಲಾರೆ. ಚಾಟ್ಸ್‌ವರ್ತ್‌ನ ಮಹಾ ಸಸ್ಯಗೃಹವೂ ಉಳಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಒಲೆಗಳು ಆರಿ, ಗಿಡಗಳು ಸತ್ತು, 1920ರಲ್ಲಿ ಅದನ್ನು ಕೆಡವಿದರು. ಆ ಮಾದರಿಯ ಕುಡಿ ನಮ್ಮ ಊರಿನಲ್ಲಿ ಇನ್ನೂ ನಿಂತಿದೆ. ಅಲ್ಲಿ ಚಳಿಯಿಂದ ಗಿಡವನ್ನು ಕಾಪಾಡಲು ಗಾಜು ಬೇಕಿತ್ತು. ಬೆಂಗಳೂರಿನ ಹವೆಗೆ ಅದರ ಅಗತ್ಯವೇ ಇರಲಿಲ್ಲ; ಇಲ್ಲಿ ಅದು ವರ್ಷಕ್ಕೆರಡು ಬಾರಿ ಫಲಪುಷ್ಪ ಪ್ರದರ್ಶನದ ಮಂಟಪವಾಯಿತು.

ಗಾಜಿನ ಮನೆಯನ್ನು ಬಿಟ್ಟು ಮತ್ತೆ ತೊಟ್ಟಿಗೆ ಬರೋಣ. ಇದುವರೆಗಿನದು ಲೋಕವೆಲ್ಲ ಬಲ್ಲ ಕಥೆ. ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ, ನನ್ನ ಮಟ್ಟಿಗೆ ಅದೇ ಹೆಚ್ಚಿನದು. ವಿಕ್ಟೋರಿಯಾಕ್ಕಾಗಿ ಸಿದ್ಧಪಡಿಸಿದ ಬೆಚ್ಚನೆಯ ನೀರಿನಲ್ಲಿ ಪ್ಯಾಕ್ಸ್‌ಟನ್ ಬೇರೆ ಉಷ್ಣವಲಯದ ನೈದಿಲೆಗಳನ್ನೂ ಬೆಳೆಸಿದ. ಅವುಗಳಲ್ಲಿ ಒಂದು ಭಾರತದ ಕೆನ್ನೈದಿಲೆ. ಅದನ್ನೂ ಆಫ್ರಿಕದ ಬಿಳಿಯ ನೈದಿಲೆಯನ್ನೂ ಕೂಡಿಸಿ 1851ರಲ್ಲಿ ಚಾಟ್ಸ್‌ವರ್ತ್‌ನಲ್ಲಿ ಪಡೆದ ಕೆಂಪು ಹೂವಿಗೆ ಡ್ಯೂಕನ ಗೌರವಾರ್ಥ ‘ಡೆವೊನಿಯೆನ್ಸಿಸ್’ ಎಂದು ಹೆಸರಿಟ್ಟರು. ಮನುಷ್ಯ ತಾನಾಗಿ ಕೂಡಿಸಿ ಬೆಳೆಸಿದ ನೈದಿಲೆಯ ಮಿಶ್ರತಳಿಗಳಲ್ಲಿ ಇದೇ ಮೊದಲನೆಯದೆಂದು ಬಲ್ಲವರು ಪರಿಗಣಿಸುತ್ತಾರೆ. ಅಂದರೆ ಇಂದು ನರ್ಸರಿಗಳಲ್ಲಿ ಇಂಗ್ಲಿಷ್ ಹೆಸರು ಹೊತ್ತು ಮಾರಾಟವಾಗುವ ನೂರಾರು ನೈದಿಲೆಗಳ ಪರಂಪರೆ ಆರಂಭವಾದದ್ದೇ ನಮ್ಮ ಕೆರೆಯ ಹೂವಿನಿಂದ. ಎಮ್ಮೆಗಳು ತುಳಿದು, ಮಕ್ಕಳು ಕಿತ್ತು, ಯಾರೂ ಕಣ್ಣೆತ್ತಿ ನೋಡದ ಅದೇ ಕೆನ್ನೈದಿಲೆ.

ಚಳಿಯ ನಾಡುಗಳಲ್ಲಿ ತೆರೆದ ಕೊಳದಲ್ಲಿ ಬದುಕಬಲ್ಲ ಬಣ್ಣದ ನೈದಿಲೆಗಳು ಬರಲು ಇನ್ನೂ ಕೆಲವು ದಶಕ ಬೇಕಾಯಿತು. ಯುರೋಪಿನ ಸ್ವಂತದ್ದು ಬಿಳಿಯ ಜಾತಿ. ಕೆಂಪು ಸ್ವೀಡನ್ನಿನ ಒಂದು ಸರೋವರದಲ್ಲಿ ಕಂಡುಬಂದ ಅಪರೂಪ. ನೈಋತ್ಯ ಫ್ರಾನ್ಸಿನ ಲ ಟಾಂಪ್ಲ್-ಸುರ್-ಲೋ ಎಂಬ ಹಳ್ಳಿಯಲ್ಲಿ ಜೋಸೆಫ್ ಬೋರಿ ಲಾತೂರ್-ಮಾರ್ಲಿಯಾಕ್ ಎಂಬಾತ 1875ರಲ್ಲಿ ನರ್ಸರಿ ತೆರೆದು, ಅಮೆರಿಕದ ಹಳದಿ ಜಾತಿಯನ್ನೂ ಇತರ ಜಾತಿಗಳನ್ನೂ ಕೂಡಿಸುತ್ತ ಹಳದಿ, ಗುಲಾಬಿ, ಕೆಂಪು ಬಣ್ಣಗಳ ಗಟ್ಟಿ ತಳಿಗಳನ್ನು ತಂದ. ತನ್ನ ವಿಧಾನವನ್ನು ಗುಟ್ಟಾಗಿಯೇ ಇಟ್ಟುಕೊಂಡ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಹೂವುಗಳಿಗೆ ಬಹುಮಾನ ಬಂತು. ಚಿತ್ರಕಾರ ಕ್ಲೋದ್ ಮೋನೆ ಅವನ ಗಿರಾಕಿಯಾದ.

ಮೋನೆಯ ನೈದಿಲೆಯ ಚಿತ್ರಗಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಸುಮಾರು 250 ಚಿತ್ರಗಳಿವೆ, ಪ್ಯಾರಿಸ್ಸಿಗೆ ಹೋದವರು ಒರಾಂಜರಿ ಮ್ಯೂಸಿಯಮ್ಮಿನಲ್ಲಿ ದೊಡ್ಡವನ್ನು ನೋಡಬಹುದು. ನನ್ನ ಕುತೂಹಲ ಅವನ ನೆರೆಹೊರೆಯವರ ಬಗ್ಗೆ. 1893ರಲ್ಲಿ ಜಿವೆರ್ನಿ ಗ್ರಾಮದಲ್ಲಿ ಜಮೀನು ಕೊಂಡು, ಪಕ್ಕದ ಹಳ್ಳದ ನೀರನ್ನು ತಿರುಗಿಸಿ ಕೊಳ ಮಾಡಲು ಮೋನೆ ಅನುಮತಿ ಕೇಳಿದಾಗ ಊರಿನವರು ವಿರೋಧಿಸಿದರು. ಬಟ್ಟೆ ಒಗೆಯುವ, ದನಗಳು ಕುಡಿಯುವ ನೀರು. ಈ ಪರದೇಶಿ ಗಿಡಗಳಿಂದ ವಿಷವಾದರೆ? ಮೋನೆ ಸಿಟ್ಟಾದ, ಜಿಲ್ಲಾಡಳಿತಕ್ಕೆ ಪತ್ರ ಬರೆದ, ಕೊನೆಗೆ ಅನುಮತಿ ಪಡೆದ. ಮೋನೆಯ ಬಗ್ಗೆ ಬರೆಯುವವರು ಆ ಹಳ್ಳಿಗರನ್ನು ಅರಸಿಕರೆಂದು ನಗೆಯಾಡುವುದುಂಟು. ನಾನು ನಗಲಾರೆ. ನಮ್ಮ ಕೆರೆಗಳನ್ನು ಉಸಿರುಕಟ್ಟಿಸುತ್ತಿರುವ, ನಾವು ಅಂತರಗಂಗೆ ಎಂದು ಕರೆಯುವ ನೇರಳೆ ಹೂವಿನ ಕಳೆಯೂ ದಕ್ಷಿಣ ಅಮೆರಿಕದಿಂದ ಕೊಳದ ಅಲಂಕಾರಕ್ಕೆಂದೇ ಬಂದದ್ದು. ಮೋನೆಯ ನೈದಿಲೆ ಯಾರಿಗೂ ಕೇಡು ಮಾಡಲಿಲ್ಲ ನಿಜ, ಆದರೆ ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು.

ಇನ್ನು ನಮ್ಮ ಕೆರೆಯ ವಿಚಾರ. ನಮ್ಮೂರ ಮುಂದಿನ ಕೆರೆಯ ಮೂಡಣ ಅಂಚಿನಲ್ಲಿ ಕೆನ್ನೈದಿಲೆ ಇದ್ದದ್ದನ್ನು ನನ್ನ ವಯಸ್ಸಿನ ಬಂಧುಗಳೆಲ್ಲ ಬಲ್ಲರು. ಹೂವಿನ ಉದ್ದ ದಂಟನ್ನು ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಮುರಿದು, ಸಿಪ್ಪೆಯನ್ನು ಹಾಗೆಯೇ ಉಳಿಸಿ, ಹೂವನ್ನೇ ಪದಕವಾಗಿ ಮಾಡಿದ ಸರವನ್ನು ಕೊರಳಿಗೆ ಹಾಕಿಕೊಂಡು ನಮ್ಮ ಅಕ್ಕಂದಿರು ಮನೆಗೆ ಬರುತ್ತಿದ್ದರು. ಬೇಸಿಗೆಯಲ್ಲಿ ಕೆರೆಯ ಅಂಚು ಬತ್ತಿ ಬಿರುಕು ಬಿಟ್ಟರೂ ಗಡ್ಡೆ ಕೆಸರಿನಡಿಯಲ್ಲಿ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದೊಡನೆ ಎಲೆ ಕಳುಹಿಸುತ್ತಿತ್ತು. ಎಷ್ಟು ಬರಗಾಲಗಳನ್ನು ಅದು ದಾಟಿತೋ! ದಾಟಲಾಗದೆ ಹೋದದ್ದು 2017ರ ಬೇಸಿಗೆಯ ಹೂಳೆತ್ತುವ ಕೆಲಸವನ್ನು. ಕೆರೆಗೆ ಹೂಳೆತ್ತಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಹಿರಿಯರೂ ಎತ್ತುತ್ತಿದ್ದರು, ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಆದರೆ ಅವರು ಅಂಚನ್ನು ಅಂಚಾಗಿಯೇ ಬಿಡುತ್ತಿದ್ದರು. ಈ ಸಲ ಯಂತ್ರಗಳು ಸುತ್ತಲೂ ಒಂದೇ ಆಳಕ್ಕೆ ತೋಡಿ, ಏರಿಯಂತೆ ನೇರವಾಗಿ ಕಲ್ಲು ಕಟ್ಟಿ, ಮೇಲೆ ನಡೆದಾಡುವ ದಾರಿ ಮಾಡಿದವು. ನೈದಿಲೆ ಬೇರೂರುತ್ತಿದ್ದುದು ಮೊಣಕಾಲುದ್ದದಿಂದ ಸೊಂಟದುದ್ದದ ಇಳಿಜಾರಿನ ನೀರಿನಲ್ಲಿ. ಈಗ ಅಂಥ ಜಾಗವೇ ಇಲ್ಲ. ಕೆರೆಯಲ್ಲಿ ನೀರಿದೆ, ದೀಪದ ಕಂಬಗಳಿವೆ, ಬೆಂಚುಗಳಿವೆ, ಹೂವಿಲ್ಲ.

ನನ್ನ ತಮ್ಮನ ಮಗಳು ಆ ಬೇಸಿಗೆ ಊರಿನಲ್ಲಿದ್ದಳು. ತೆಂಗಿನ ತೋಟಕ್ಕೆ ಟ್ರ್ಯಾಕ್ಟರಿನಲ್ಲಿ ಬಂದು ಸುರಿದ ಗೋಡಿನಲ್ಲಿ ಕಪ್ಪು ಗಡ್ಡೆಗಳನ್ನು ಕಂಡು, “ದೊಡ್ಡಪ್ಪಾ, ಇವು ನೈದಿಲೆಯವಲ್ಲವೇ?” ಎಂದು ಬಕೆಟ್ಟಿನಲ್ಲಿ ಹಾಕಿಕೊಂಡು ಬಂದಳು. ಮೂರು ಗಡ್ಡೆ. ಹಿತ್ತಲಿನಲ್ಲಿ ದನಗಳ ಕಾಲದಿಂದಲೂ ಬಿದ್ದಿದ್ದ ಕಲಗಚ್ಚಿನ ಕಲ್ಲುಬಾನಿಯನ್ನು ತೊಳೆದು ಅದರಲ್ಲಿ ಹೂತೆವು. ಎರಡು ಕೊಳೆತುಹೋದವು. ಒಂದು ಆ ವರ್ಷವೆಲ್ಲ ಬರಿಯ ಎಲೆ ಬಿಟ್ಟು, ಮರುವರ್ಷ ಶ್ರಾವಣದ ಒಂದು ಸಂಜೆ ಹೂ ಬಿಟ್ಟಿತು. ನಮ್ಮ ಕೆರೆಯ ಕೆನ್ನೈದಿಲೆಯಲ್ಲಿ ನನಗೆ ತಿಳಿದಂತೆ ಉಳಿದಿರುವುದು ಆ ಒಂದು ಗಡ್ಡೆಯ ಸಂತಾನ ಮಾತ್ರ.

ಬೆಳೆಸುವ ಕ್ರಮವನ್ನು ಕೇಳುವವರಿಗೆ ನನ್ನ ಅನುಭವದ ಕೆಲವು ಮಾತು. ಕೆರೆಯ ಗೋಡು ಅಥವಾ ಜಿಗುಟಾದ ಜೇಡಿಮಣ್ಣೇ ಬೇಕು. ಕುಂಡದ ಹಗುರ ಗೊಬ್ಬರಮಣ್ಣು ತೇಲಿ ನೀರನ್ನು ಕದಡುತ್ತದೆ. ಹಸಿ ಸೆಗಣಿ ಹಾಕಿದರೆ ನೀರು ಪಾಚಿಗಟ್ಟಿ ನಾರುತ್ತದೆ. ಮೊದಲು ಮೊಳಕೆಯ ಮೇಲೆ ನಾಲ್ಕು ಬೆರಳಷ್ಟು ನೀರು ಸಾಕು. ಎಲೆ ಉದ್ದವಾದಂತೆ ನೀರನ್ನೂ ಏರಿಸಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಕಡೆ ಇಡುವ ಶ್ರಮವೇ ಬೇಡ, ಎಲೆ ಬರುತ್ತದೆ, ಹೂ ಬರುವುದಿಲ್ಲ. ತೊಟ್ಟಿಯಲ್ಲಿ ಕಾರಂಜಿ ಹಾಕಿಸುವ ಮೋಹವನ್ನೂ ಬಿಡಿ. ಪ್ಯಾಕ್ಸ್‌ಟನ್ನನ ಚಕ್ರ ಅವನ ನದಿಯ ಗಿಡಕ್ಕೆ ಸರಿ; ನಮ್ಮ ನೈದಿಲೆಗೆ ನಿಂತ ನೀರೇ ಹಿತ, ಎಲೆಯ ಮೇಲೆ ಸದಾ ನೀರು ಸಿಡಿಯುತ್ತಿದ್ದರೆ ಸೊರಗುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲು ನಾಲ್ಕಾರು ಸಣ್ಣ ಮೀನುಗಳಿರಲಿ. ಆ ತೊಟ್ಟಿಯ ನೀರನ್ನಾಗಲಿ, ಹೆಚ್ಚಾದ ಮೀನು ಗಿಡಗಳನ್ನಾಗಲಿ ಕೆರೆಗೆ ಚೆಲ್ಲಬೇಡಿ. ಜಿವೆರ್ನಿಯ ಹಳ್ಳಿಗರನ್ನು ನೆನಪಿಸಿಕೊಳ್ಳಿ.

ಒಂದು ಮಾತು ಬಿಟ್ಟುಹೋಯಿತು. ಕ್ಯೂನಲ್ಲಿ 177 ವರ್ಷಗಳ ಹಿಂದೆ ಒಣಗಿಸಿಟ್ಟಿದ್ದ ವಿಕ್ಟೋರಿಯಾದ ಮಾದರಿಯೊಂದು ಬೇರೆಯೇ ಜಾತಿಯದೆಂದು 2022ರಲ್ಲಿ ಗೊತ್ತಾಯಿತು. ಅದಕ್ಕೆ ‘ವಿಕ್ಟೋರಿಯಾ ಬೊಲಿವಿಯಾನಾ’ ಎಂಬ ಹೆಸರಿಟ್ಟಿದ್ದಾರೆ. ಅಷ್ಟು ಜನ ಅಷ್ಟು ವರ್ಷ ನೋಡಿದ ಗಿಡವೇ ಹೀಗಾದರೆ, ನಮ್ಮ ಕೆರೆಗಳಲ್ಲಿ ಏನೇನಿತ್ತೆಂದು ಯಾರು ಬಲ್ಲರು! ನೀವು ನಿಮ್ಮ ನಿಮ್ಮ ಊರಿನ ಕೆರೆಯ ಅಂಚಿನಲ್ಲಿ ನೈದಿಲೆ ಇನ್ನೂ ಇದೆಯೇ, ಯಾವ ಬಣ್ಣದ್ದು, ಹಗಲು ಅರಳುವುದೋ ರಾತ್ರಿಯೋ ಎಂದು ನೋಡಿ ನನಗೆ ಬರೆದರೆ ಉಪಕಾರವಾಗುತ್ತದೆ.

ಬಾನಿಯಲ್ಲಿ ಈಗ ಗಡ್ಡೆಗಳು ಒತ್ತೊತ್ತಾಗಿವೆ. ಊರಿನವರಾಗಲಿ, ನನ್ನ ವಿದ್ಯಾರ್ಥಿಗಳಾಗಲಿ, ಬೇಕಾದವರು ಮಳೆ ಹಿಡಿದ ಮೇಲೆ ಮನೆಗೆ ಬಂದರೆ ತಲಾ ಒಂದು ಕೊಡಬಲ್ಲೆ. ಪರದೇಶದಲ್ಲಿರುವವರು ದಯವಿಟ್ಟು ಸೂಟ್‌ಕೇಸಿನಲ್ಲಿ ಬಚ್ಚಿಟ್ಟುಕೊಂಡು ಹೋಗುವ ಸಾಹಸ ಮಾಡಬೇಡಿ. ನಿಮ್ಮ ವಿಮಾನನಿಲ್ದಾಣದ ನಿಯಮಗಳು ನಿಮಗೇ ಗೊತ್ತು. ಉಳಿದವರು ಬರುವಾಗ ಮುಚ್ಚಳವಿರುವ ಡಬ್ಬಿಯೊಂದನ್ನು ತನ್ನಿ. ಕಾಗದದಲ್ಲಿ ಸುತ್ತಿ ಕೊಡುವುದಿಲ್ಲ, ನೀರಿನಲ್ಲಿಟ್ಟೇ ಕೊಡುತ್ತೇನೆ.